ಸರ್ಕಾರಿ ವಕೀಲಿಕೆಯಿಂದ ವಿದೇಶಾಂಗ ಸೇವೆಗೆ: ಬೆಳಗಾವಿ ಸೀಮೆಯ ಯುವ ವಕೀಲರಿಗೆ ಒಂದು ಕೈಪಿಡಿ

ಜಿಲ್ಲಾ ಸರ್ಕಾರಿ ವಕೀಲರ ಕಚೇರಿಯಲ್ಲಿ ಕಿರಿಯರಾಗಿ ದುಡಿಯುತ್ತಿರುವ, ಇಲ್ಲವೇ ಸಹಾಯಕ ಸರ್ಕಾರಿ ಅಭಿಯೋಜಕರಾಗಿ ಈಗಷ್ಟೇ ಸೇರಿರುವ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಯುವಕ ಯುವತಿಯರಲ್ಲಿ ಕೆಲವರಿಗಾದರೂ ವಿದೇಶಾಂಗ ಸೇವೆಯ ಮೇಲೆ ಮನಸ್ಸಿರುತ್ತದೆ. ಆದರೆ ಅದು ದೆಹಲಿಯಲ್ಲಿ ಓದಿದವರ ಹಾದಿ, ಮುಳುಗಡೆ ಜಮೀನಿನ ಪರಿಹಾರದ ದಾವೆಗಳಲ್ಲಿ ಕೈಫಿಯತ್ತು (ದಾವೆಗೆ ಕೊಡುವ ಲಿಖಿತ ಉತ್ತರ) ಬರೆಯುವವರಿಗೆ ಅಲ್ಲೇನು ಕೆಲಸ ಎಂದುಕೊಂಡು ಅವರು ತಾವಾಗಿಯೇ ಹಿಂದೆ ಸರಿಯುತ್ತಾರೆ. ಈ ಹಿಂಜರಿಕೆಗೆ ಆಧಾರವಿಲ್ಲ. ಸರ್ಕಾರವೆಂಬ ಕಕ್ಷಿದಾರನ ಪರವಾಗಿ, ಅದು ಕೊಟ್ಟ ಸೂಚನೆಯ ಮಿತಿಯೊಳಗೆ ನಿಂತು, ಎದುರು ಪಕ್ಷ ಮುಂದೆಂದೂ ತನಗೆ ಅನುಕೂಲವಾಗುವಂತೆ ತಿರುಗಿಸಿಕೊಳ್ಳಲಾಗದ ಹಾಗೆ ಒಂದು ವಾಕ್ಯವನ್ನು ಬರೆಯುವುದು ಸರ್ಕಾರಿ ವಕೀಲರ ಕೆಲಸದ ತಿರುಳು. ರಾಜತಾಂತ್ರಿಕರ ಕೆಲಸದ ತಿರುಳೂ ಅದೇ. ಆದ್ದರಿಂದ ಈಗ ಮಾಡುತ್ತಿರುವ ಕೆಲಸವನ್ನು ಬಿಟ್ಟು ತಯಾರಿ ಆರಂಭಿಸಬೇಕಾಗಿಲ್ಲ. ಆ ಕೆಲಸವನ್ನೇ ತಯಾರಿಯಾಗಿ ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಒಬ್ಬರ ಬದುಕನ್ನು ಓದಿಕೊಳ್ಳಬೇಕು

ಮಂಗಳೂರಿನಲ್ಲಿ 1887ರಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಅವರನ್ನು ನಮ್ಮ ಜನ ಸಂವಿಧಾನ ಸಭೆಯ ಸಲಹೆಗಾರರೆಂದು ಮಾತ್ರ ನೆನೆಯುತ್ತಾರೆ. 243 ಅನುಚ್ಛೇದಗಳ ಮೊದಲ ಕರಡನ್ನು 1947ರ ಅಕ್ಟೋಬರ್‌ನಲ್ಲಿ ಸಿದ್ಧಪಡಿಸಿಕೊಟ್ಟವರು ಅವರೇ. ಆದರೆ ಯುವ ವಕೀಲರು ಗಮನವಿಟ್ಟು ಓದಬೇಕಾದದ್ದು ಅದಕ್ಕಿಂತ ಹಿಂದಿನ ಮತ್ತು ಮುಂದಿನ ಅಧ್ಯಾಯಗಳನ್ನು. ಬ್ರಿಟಿಷ್ ಕಾಲದ ನಾಗರಿಕ ಸೇವೆಯಾದ ಐಸಿಎಸ್ ಸೇರಿ ಬಂಗಾಳದಲ್ಲಿ ಕೆಲಸ ಮಾಡಿದ ಮೇಲೆ, 1925ರಿಂದ ಸುಮಾರು ಎಂಟು ವರ್ಷ ಅವರು ಅಸ್ಸಾಂ ಸರ್ಕಾರದ ಕಾನೂನು ಅಧಿಕಾರಿಯಾಗಿದ್ದರು. ದೂರದ ಒಂದು ಸಣ್ಣ ಪ್ರಾಂತ್ಯಕ್ಕೆ ಮಸೂದೆಗಳನ್ನು ಬರೆದುಕೊಡುವುದು, ಕಡತಗಳ ಮೇಲೆ ಅಭಿಪ್ರಾಯ ನೀಡುವುದು ಅವರ ದಿನನಿತ್ಯದ ಕೆಲಸವಾಗಿತ್ತು. ಅಸ್ಸಾಂ ಪ್ರಾಂತ್ಯಕ್ಕೆ ಹೆಚ್ಚು ಹಣ ಬೇಕೆಂಬ ವಾದವನ್ನು ಸೈಮನ್ ಆಯೋಗದ ಮುಂದೆ ಮಂಡಿಸಿದವರೂ, 1933ರಲ್ಲಿ ಲಂಡನ್ನಿಗೆ ಹೋಗಿ ಪಾರ್ಲಿಮೆಂಟಿನ ಜಂಟಿ ಸಮಿತಿಯ ಮುಂದೆ ಅದೇ ಪ್ರಾಂತ್ಯದ ಪರವಾಗಿ ನಿಂತವರೂ ಅವರೇ. ಒಂದು ಸರ್ಕಾರದ ಪರವಾಗಿ ಇನ್ನೊಂದು ಅಧಿಕಾರದ ಮುಂದೆ ಮಾತನಾಡುವುದನ್ನು ಅವರು ಕಲಿತದ್ದು ಅಲ್ಲಿ, ವಿಶ್ವಸಂಸ್ಥೆ ಹುಟ್ಟುವುದಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಮೊದಲು.

ಆಮೇಲೆ ಅವರು ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಭಾಕ್ರಾ ಮೊದಲಾದ ಯೋಜನೆಗಳಿಂದ ತನ್ನ ಪಾಲಿನ ನೀರಿಗೆ ಧಕ್ಕೆಯಾಗುತ್ತದೆಂದು ಸಿಂಧ್ ಪ್ರಾಂತ್ಯವು ಪಂಜಾಬಿನ ವಿರುದ್ಧ ದೂರು ಸಲ್ಲಿಸಿದಾಗ, ಅದನ್ನು ವಿಚಾರಿಸಲು 1941ರಲ್ಲಿ ನೇಮಿಸಿದ ಆಯೋಗಕ್ಕೆ ಅಧ್ಯಕ್ಷರಾದರು. ಹಲವು ಪ್ರಾಂತ್ಯಗಳಲ್ಲಿ ಹರಿಯುವ ನದಿಯ ಮೇಲೆ ಮೇಲ್ಭಾಗದವರಿಗೆ ಪೂರ್ಣ ಒಡೆತನವೂ ಇಲ್ಲ, ಕೆಳಭಾಗದವರಿಗೆ ಹರಿವು ಕಿಂಚಿತ್ತೂ ಕುಂದಬಾರದೆಂಬ ಹಕ್ಕೂ ಇಲ್ಲ, ನ್ಯಾಯೋಚಿತ ಹಂಚಿಕೆಯೇ ನಿಯಮ ಎಂಬ ಆ ಆಯೋಗದ ನಿಲುವನ್ನು ಮುಂದೆ ನಮ್ಮ ನದಿ ನ್ಯಾಯಮಂಡಳಿಗಳು ಮತ್ತೆ ಮತ್ತೆ ಉಲ್ಲೇಖಿಸಿವೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ದಡದಲ್ಲಿ ಬೆಳೆದವರಿಗೆ ಈ ವಾದ ಹೊಸದಲ್ಲ, ಅದರ ಮೂಲ ಎಲ್ಲಿಯದೆಂಬುದು ಮಾತ್ರ ಹಲವರಿಗೆ ಗೊತ್ತಿರುವುದಿಲ್ಲ.

ರಾವ್ ಅವರು 1949ರಲ್ಲಿ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. ಕೊರಿಯಾ ಯುದ್ಧ ಆರಂಭವಾದ 1950ರ ಜೂನ್ ತಿಂಗಳಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಇದ್ದವರು ಅವರು. ಜೂನ್ 25ರಂದು ಯುದ್ಧ ನಿಲ್ಲಿಸಬೇಕೆಂಬ ಮೊದಲ ನಿರ್ಣಯಕ್ಕೆ ಭಾರತ ಮತ ನೀಡಿತು. ದಕ್ಷಿಣ ಕೊರಿಯಾಕ್ಕೆ ನೆರವು ನೀಡಬೇಕೆಂಬ ಎರಡನೆಯ ನಿರ್ಣಯ ಜೂನ್ 27ರಂದು ಮತಕ್ಕೆ ಬಂದಾಗ ದೆಹಲಿಯಿಂದ ಸೂಚನೆ ಬಂದಿರಲಿಲ್ಲ. ಆದ್ದರಿಂದ ಅಧ್ಯಕ್ಷ ಪೀಠದಲ್ಲಿದ್ದರೂ ಅವರು ಮತದಾನದಲ್ಲಿ ಭಾಗವಹಿಸಲಿಲ್ಲ. ಜಗತ್ತೇ ನೋಡುತ್ತಿರುವಾಗ ಸ್ವಂತ ಅಭಿಪ್ರಾಯವನ್ನು ಕಕ್ಷಿದಾರನ ಅಭಿಪ್ರಾಯವೆಂದು ಹೇಳದೆ ಇರುವುದಕ್ಕೆ ಬೇಕಾದ ಶಿಸ್ತು ಒಂದು ದಿನದಲ್ಲಿ ಬರುವಂಥದಲ್ಲ. ಭಾರತ ಆ ನಿರ್ಣಯವನ್ನು ಒಪ್ಪಿಕೊಂಡದ್ದು ಸರ್ಕಾರ ತೀರ್ಮಾನಿಸಿದ ಮೇಲೆ. ಆ ವರ್ಷದ ಕೊನೆಗೆ ಕದನವಿರಾಮಕ್ಕೆ ಯತ್ನಿಸಿದ ಮೂವರ ತಂಡದಲ್ಲಿ ಇರಾನಿನ ಎಂತೆಜಾಮ್ ಮತ್ತು ಕೆನಡಾದ ಪಿಯರ್ಸನ್ ಅವರ ಜೊತೆ ರಾವ್ ಕೂಡ ಇದ್ದರು. 1952ರಲ್ಲಿ ಅವರು ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ ಹೇಗ್‌ಗೆ ಹೋದರು. ಮರುವರ್ಷ ನವೆಂಬರ್ 30ರಂದು ಜ್ಯೂರಿಚ್‌ನಲ್ಲಿ ತೀರಿಕೊಂಡರು.

ಇವರ ಬದುಕನ್ನು ಓದುವಾಗ ಪ್ರತಿ ಹುದ್ದೆಯ ಎದುರು ಮೂರು ಸಂಗತಿಗಳನ್ನು ಬರೆದುಕೊಳ್ಳುವುದು ಒಳ್ಳೆಯದು: ಆಗ ಅವರ ಕಕ್ಷಿದಾರ ಯಾರು, ಅವರು ಬರೆದ ದಾಖಲೆ ಯಾವುದು, ಅದನ್ನು ಓದಿ ತೀರ್ಮಾನಿಸಿದವರು ಯಾರು. ಹೀಗೆ ಬರೆದುಕೊಂಡಾಗ, ಹುದ್ದೆಯ ಹೆಸರು ಬದಲಾಗುತ್ತ ಹೋದರೂ ಕೆಲಸ ಒಂದೇ ಆಗಿತ್ತೆಂಬುದು ಕಾಣುತ್ತದೆ.

ಕೈಯಲ್ಲಿರುವ ಕಡತದಿಂದ ಕಲಿಯುವುದು

ಸರ್ಕಾರದ ಮೇಲೆ ದಾವೆ ಬಂದಾಗ ಇಲಾಖೆಯಿಂದ ಕಂಡಿಕೆವಾರು ಷರಾ ತರಿಸಿಕೊಂಡು, ಅದರ ಆಧಾರದಲ್ಲಿ ಕೈಫಿಯತ್ತು ಬರೆಯುವುದು ಈ ಕಚೇರಿಗಳ ಪ್ರತಿದಿನದ ಕೆಲಸ. ಒತ್ತಡದಲ್ಲಿ ಅದು ಎಷ್ಟೋ ಸಲ ಒಂದೇ ಅಚ್ಚಿನ ಬರಹವಾಗಿಬಿಡುತ್ತದೆ: 3ನೇ ಕಂಡಿಕೆಯಲ್ಲಿ ಹೇಳಿರುವುದೆಲ್ಲ ಸುಳ್ಳು, ಕಪೋಲಕಲ್ಪಿತ, ಅದನ್ನು ವಾದಿಯೇ ಸಾಬೀತು ಮಾಡಬೇಕು. ಇಂಥ ಬರಹದಲ್ಲಿ ಏನನ್ನು ಒಪ್ಪಿದ್ದೇವೆ, ಏನನ್ನು ನಿರಾಕರಿಸಿದ್ದೇವೆ ಎಂಬುದು ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆಯಬೇಕು: ಸದರಿ ಜಮೀನು ಆಲಮಟ್ಟಿ ಜಲಾಶಯದ ಮುಳುಗಡೆ ವ್ಯಾಪ್ತಿಗೆ ಸೇರಿದೆ ಎಂಬುದನ್ನು ಒಪ್ಪಲಾಗಿದೆ, ಉತಾರದಲ್ಲಿ ವಾದಿಯ ಹೆಸರಿದೆ ಎಂಬುದನ್ನೂ ಒಪ್ಪಲಾಗಿದೆ, ಜಮೀನಿನಲ್ಲಿ ಬಾವಿ ಇತ್ತು ಎಂಬುದನ್ನು ಮಾತ್ರ, ಜಂಟಿ ಮೋಜಣಿ ವರದಿಯಲ್ಲಿ ಅದರ ನಮೂದು ಇಲ್ಲದ ಕಾರಣ, ನಿರಾಕರಿಸಲಾಗಿದೆ. ದಿವಾಣಿ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದ 3, 4 ಮತ್ತು 5ನೇ ನಿಯಮಗಳು ಕೇಳುವುದು ಇದನ್ನೇ. ಸ್ಪಷ್ಟವಾಗಿ ನಿರಾಕರಿಸದ ಸಂಗತಿಯನ್ನು ಒಪ್ಪಿಕೊಂಡಂತೆ ಎಂದು 5ನೇ ನಿಯಮ ಹೇಳುತ್ತದೆ.

ಈಗ ಇದೇ ತತ್ವವನ್ನು ದೇಶಗಳ ನಡುವೆ ಇಟ್ಟು ನೋಡಬೇಕು. ಪ್ರೇಯ ವಿಹಾರ್ ದೇವಾಲಯದ ಸಲುವಾಗಿ ಕಾಂಬೋಡಿಯಾ ಮತ್ತು ಥಾಯ್ಲೆಂಡ್ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದವು. 1904ರ ಒಪ್ಪಂದದ ಪ್ರಕಾರ ಗಡಿ ನೀರ್ವಿಭಜಕ ರೇಖೆಯಗುಂಟ ಹೋಗಬೇಕಾಗಿತ್ತು. ಆದರೆ ಆಗ ಕಾಂಬೋಡಿಯಾವನ್ನು ಆಳುತ್ತಿದ್ದ ಫ್ರೆಂಚ್ ಅಧಿಕಾರಿಗಳು 1907ರಲ್ಲಿ ತಯಾರಿಸಿದ ನಕ್ಷೆ ದೇವಾಲಯವನ್ನು ಕಾಂಬೋಡಿಯಾದ ಕಡೆಗೆ ತೋರಿಸಿತ್ತು. ಅಂದಿನ ಸಯಾಂ (ಈಗಿನ ಥಾಯ್ಲೆಂಡ್) ಸರ್ಕಾರ ನಕ್ಷೆಯನ್ನು ಪಡೆದುಕೊಂಡಿತು, ತಕರಾರು ಎತ್ತಲಿಲ್ಲ. 1930ರಲ್ಲಿ ಸಯಾಮಿನ ರಾಜಕುಮಾರ ದಾಮ್ರಾಂಗ್ ದೇವಾಲಯಕ್ಕೆ ಭೇಟಿ ಕೊಟ್ಟಾಗ ಫ್ರೆಂಚ್ ಅಧಿಕಾರಿ ತನ್ನ ದೇಶದ ಬಾವುಟ ಹಾರಿಸಿ ಸ್ವಾಗತಿಸಿದ. ಆಗಲೂ ಸಯಾಂ ಆಕ್ಷೇಪಿಸಲಿಲ್ಲ. ಈ ಮೌನವನ್ನೇ ಒಪ್ಪಿಗೆಯೆಂದು ಪರಿಗಣಿಸಿ ನ್ಯಾಯಾಲಯ 1962ರ ಜೂನ್ 15ರಂದು ದೇವಾಲಯ ಕಾಂಬೋಡಿಯಾಕ್ಕೆ ಸೇರಿದ್ದೆಂದು ತೀರ್ಪಿತ್ತಿತು. ನೆರೆಯ ದೇಶವೊಂದು ಹೊಸ ನಕ್ಷೆ ಪ್ರಕಟಿಸಿದ ಮರುದಿನವೇ ನಮ್ಮ ವಿದೇಶಾಂಗ ಸಚಿವಾಲಯ ಪ್ರತಿಭಟನೆ ದಾಖಲಿಸುವುದನ್ನು ಕೆಲವರು ಬರಿಯ ಔಪಚಾರಿಕತೆ ಎಂದುಕೊಳ್ಳುತ್ತಾರೆ. ಕೈಫಿಯತ್ತು ಬರೆದು ಗೊತ್ತಿರುವ ವಕೀಲರು ಹಾಗೆ ಅಂದುಕೊಳ್ಳುವುದಿಲ್ಲ.

ಆದ್ದರಿಂದ ವಾರಕ್ಕೊಂದು ಕಡತವನ್ನಾದರೂ ಎರಡು ಬಗೆಯಲ್ಲಿ ಬರೆಯುವ ಅಭ್ಯಾಸ ಇಟ್ಟುಕೊಳ್ಳಬೇಕು. ಒಂದು, ನ್ಯಾಯಾಲಯಕ್ಕೆ ಹೋಗುವ ಕೈಫಿಯತ್ತು. ಇನ್ನೊಂದು, ಅದೇ ಸಂಗತಿಯ ಮೇಲೆ ಮೇಲಧಿಕಾರಿಗೆ ಒಂದೇ ಪುಟದ ಟಿಪ್ಪಣಿ: ಸಂಗತಿ ಏನು, ಅನ್ವಯಿಸುವ ಕಾನೂನು ಯಾವುದು, ನಮ್ಮ ನಿಲುವಿನ ದುರ್ಬಲ ಭಾಗ ಎಲ್ಲಿದೆ, ಈಗ ಏನು ಮಾಡಬಹುದು. ದುರ್ಬಲ ಭಾಗವನ್ನು ಮುಚ್ಚಿಟ್ಟು ಬರೆದ ಟಿಪ್ಪಣಿಯಿಂದ ಜಿಲ್ಲಾಧಿಕಾರಿಗೂ ಉಪಯೋಗವಿಲ್ಲ, ರಾಯಭಾರಿಗೂ ಉಪಯೋಗವಿಲ್ಲ. ಬರವಣಿಗೆ ಕೈಗೆ ಹತ್ತಿದ ಮೇಲೆ ರಾಯಭಾರ ಕಚೇರಿಗಳ ನಡುವೆ ಓಡಾಡುವ ನೋಟ್ ವರ್ಬಾಲ್ ಎಂಬ ಪತ್ರದ ರೀತಿಯನ್ನೂ ರೂಢಿಸಿಕೊಳ್ಳಬಹುದು. ಅದರಲ್ಲಿ ನಾನು, ನಾವು ಎಂಬ ಮಾತಿಲ್ಲ. ಎಲ್ಲವೂ ಪ್ರಥಮ ಪುರುಷದಲ್ಲಿ, ಒಂದು ಕಚೇರಿ ಇನ್ನೊಂದು ಕಚೇರಿಗೆ ಗೌರವ ಸೂಚಿಸುತ್ತ ಆರಂಭಿಸಿ, ಗೌರವ ಸೂಚಿಸುತ್ತಲೇ ಮುಗಿಸುತ್ತದೆ. ಕಟುವಾದ ತಕರಾರನ್ನೂ ಈ ಚೌಕಟ್ಟಿನೊಳಗೇ ಹೇಳಬೇಕಾಗುತ್ತದೆ.

ಅಭಿಯೋಜಕರಾಗಿರುವವರು ಕಾನ್ಸುಲರ್ ಸಂಬಂಧಗಳ 1963ರ ವಿಯೆನ್ನಾ ಒಡಂಬಡಿಕೆಯ 36ನೇ ಅನುಚ್ಛೇದವನ್ನು ಬಾಯಿಪಾಠ ಮಾಡುವಷ್ಟು ಓದಬೇಕು. ನಮ್ಮ ಜಿಲ್ಲೆಯಲ್ಲಿ ವಿದೇಶಿ ಪ್ರಜೆಯೊಬ್ಬರ ಬಂಧನವಾದರೆ, ತಮ್ಮ ದೇಶದ ಕಾನ್ಸುಲರ್ ಕಚೇರಿಯನ್ನು ಸಂಪರ್ಕಿಸುವ ಹಕ್ಕು ಅವರಿಗಿದೆ ಎಂಬುದನ್ನು ತಡಮಾಡದೆ ತಿಳಿಸಬೇಕೆಂದು ಅದು ವಿಧಿಸುತ್ತದೆ. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಭಾರತ 2017ರಲ್ಲಿ ಹೇಗ್‌ಗೆ ಹೋದದ್ದು ಇದೇ ಅನುಚ್ಛೇದದ ಬಲದ ಮೇಲೆ. ಪಾಕಿಸ್ತಾನ ಅದನ್ನು ಉಲ್ಲಂಘಿಸಿದೆ ಎಂದು 2019ರ ಜುಲೈ 17ರಂದು 15–1ರ ಬಹುಮತದ ತೀರ್ಪು ಬಂದಿತು. ನಮ್ಮ ಠಾಣೆಗಳಲ್ಲಿ ನಾವು ಪಾಲಿಸಿದ ನಿಯಮವನ್ನೇ ಹೊರದೇಶದ ಜೈಲಿನಲ್ಲಿರುವ ನಮ್ಮವರಿಗಾಗಿ ಕೇಳಬಹುದು ಎಂಬುದು ಇಲ್ಲಿ ಅರ್ಥವಾಗುತ್ತದೆ.

ನದಿ, ಗಡಿ: ಈ ಸೀಮೆಯ ವಕೀಲರಿಗೆ ತಾನಾಗಿ ಸಿಗುವ ಪಾಠ

ಬೇರೆ ಕಡೆಯ ಅಭ್ಯರ್ಥಿಗಳು ಪುಸ್ತಕದಿಂದ ಕಲಿಯುವ ಎರಡು ವಿಷಯಗಳು ಈ ಮೂರು ಜಿಲ್ಲೆಗಳಲ್ಲಿ ದಿನಪತ್ರಿಕೆಯ ಮೊದಲ ಪುಟದಲ್ಲಿ ಇರುತ್ತವೆ. ಅಂತರರಾಜ್ಯ ನದಿ ನೀರು ವಿವಾದಗಳ 1956ರ ಕಾಯ್ದೆಯನ್ನು ಎದುರಿಗೆ ಇಟ್ಟುಕೊಂಡು, 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ಸಹಿಯಾದ ಸಿಂಧೂ ಜಲ ಒಪ್ಪಂದದ 9ನೇ ಅನುಚ್ಛೇದವನ್ನು ಓದಬೇಕು. ಒಂದರಲ್ಲಿ ರಾಜ್ಯದ ದೂರು, ಮಾತುಕತೆ, ನ್ಯಾಯಮಂಡಳಿ. ಇನ್ನೊಂದರಲ್ಲಿ ಎರಡೂ ದೇಶಗಳ ಆಯುಕ್ತರು, ತಟಸ್ಥ ತಜ್ಞರು, ಮಧ್ಯಸ್ಥಿಕೆ ನ್ಯಾಯಾಲಯ. ಬಚಾವತ್ ನ್ಯಾಯಮಂಡಳಿ ಕೃಷ್ಣೆಯ 2060 ಟಿಎಂಸಿ ನೀರಿನಲ್ಲಿ ಕರ್ನಾಟಕಕ್ಕೆ 700, ಮಹಾರಾಷ್ಟ್ರಕ್ಕೆ 560, ಆಂಧ್ರಕ್ಕೆ 800 ಎಂದು ಹಂಚಿದ ಬಗೆಯನ್ನೂ, ಆಲಮಟ್ಟಿಯ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ ತರ್ಕವನ್ನೂ ತಿಳಿದವರಿಗೆ, ಸಿಂಧೂ ಒಪ್ಪಂದವನ್ನು 2025ರ ಏಪ್ರಿಲ್‌ನಲ್ಲಿ ಭಾರತ ಅಮಾನತಿನಲ್ಲಿಟ್ಟದ್ದರ ಕಾನೂನು ಪ್ರಶ್ನೆಗಳು ಬೇಗ ಹಿಡಿತಕ್ಕೆ ಬರುತ್ತವೆ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಕಲಿಯಬಹುದು. ನ್ಯಾಯಮಂಡಳಿಯ ತೀರ್ಪನ್ನು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಬೇಕೆಂದು 1956ರ ಕಾಯ್ದೆಯ 6ನೇ ಕಲಂ ಹೇಳುತ್ತದೆ. ತೀರ್ಪು ಬರುವುದಕ್ಕೂ ಜಾರಿಯಾಗುವುದಕ್ಕೂ ನಡುವೆ ವರ್ಷಗಳೇ ಕಳೆಯಬಹುದೆಂಬುದು ಮುಳುಗಡೆ ಊರುಗಳ ಜನರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅಂತರರಾಷ್ಟ್ರೀಯ ಒಡಂಬಡಿಕೆಗಳಲ್ಲೂ ಸಹಿ ಬೇರೆ, ಅನುಮೋದನೆ ಬೇರೆ. ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿದೆ, ಆದರೆ ಅನುಮೋದಿಸಿಲ್ಲ.

ಗಡಿಯ ವಿಷಯಕ್ಕೆ ಬಂದರೆ, ಕರ್ನಾಟಕ–ಮಹಾರಾಷ್ಟ್ರ ಗಡಿ ವಿವಾದದ ಮೇಲೆ 1966ರಲ್ಲಿ ನೇಮಕವಾದ ಮಹಾಜನ್ ಆಯೋಗದ ವರದಿಯನ್ನು ಮೂಲದಲ್ಲೇ ಓದಬೇಕು. ಬೆಳಗಾವಿಯ ಬಗ್ಗೆ ವರದಿ ಬರೆದ ಮೆಹರ್ ಚಂದ್ ಮಹಾಜನ್ ಅವರು 1947ರಲ್ಲಿ ರ‍್ಯಾಡ್‌ಕ್ಲಿಫ್ ಅಧ್ಯಕ್ಷತೆಯ ಪಂಜಾಬ್ ಗಡಿ ಆಯೋಗದ ಸದಸ್ಯರೂ ಆಗಿದ್ದರು. ಅದೇ ವರ್ಷ ಅವರು ಜಮ್ಮು ಕಾಶ್ಮೀರ ಸಂಸ್ಥಾನದ ಪ್ರಧಾನಿಯೂ ಆದರು; ಆ ಹುದ್ದೆಯಲ್ಲಿ ಅವರಿಗಿಂತ ಎರಡು ವರ್ಷ ಮೊದಲು ಇದ್ದವರು ಬಿ.ಎನ್. ರಾವ್. ಕಾನೂನು ಬಲ್ಲ ಇಂಥ ಕೆಲವರ ಕೈಯಲ್ಲೇ ಆ ಕಾಲದ ಗಡಿ, ನೀರು, ಸಂವಿಧಾನದ ಪ್ರಶ್ನೆಗಳೆಲ್ಲ ಹಾದುಹೋದವೆಂಬುದು ಗಮನಿಸತಕ್ಕ ಮಾತು. ರಾಜ್ಯದ ಗಡಿಯನ್ನು ಸಂಸತ್ತು ಸಂವಿಧಾನದ 3ನೇ ಅನುಚ್ಛೇದದಡಿ ಸಾಮಾನ್ಯ ಕಾನೂನಿನಿಂದ ಬದಲಿಸಬಹುದು. ದೇಶದ ಭೂಭಾಗವನ್ನು ಹೊರದೇಶಕ್ಕೆ ಬಿಟ್ಟುಕೊಡಲು ಸಂವಿಧಾನದ ತಿದ್ದುಪಡಿಯೇ ಬೇಕು ಎಂದು ಬೆರುಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1960ರಲ್ಲಿ ಹೇಳಿತು. ಬಾಂಗ್ಲಾದೇಶದೊಂದಿಗೆ, ಒಂದು ದೇಶದ ಒಳಗೆ ಸಿಕ್ಕಿಕೊಂಡಿದ್ದ ಇನ್ನೊಂದು ದೇಶದ ನೆಲದ ತುಣುಕುಗಳ ವಿನಿಮಯಕ್ಕೆ 2015ರಲ್ಲಿ 100ನೇ ತಿದ್ದುಪಡಿ ಬೇಕಾದದ್ದು ಈ ಕಾರಣಕ್ಕೆ.

ಸೇರುವ ದಾರಿಗಳು ಎರಡು

ಮೊದಲನೆಯದು ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆ. ಸಾಮಾನ್ಯ ವರ್ಗಕ್ಕೆ 32 ವರ್ಷದವರೆಗೆ ಆರು ಅವಕಾಶ, ಹಿಂದುಳಿದ ವರ್ಗಗಳಿಗೆ 35ರವರೆಗೆ ಒಂಬತ್ತು, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ 37ರವರೆಗೆ ಅವಕಾಶಗಳ ಮಿತಿಯಿಲ್ಲ. ಐದು ವರ್ಷದ ಕಾನೂನು ಪದವಿ ಮುಗಿಸುವಾಗ 23 ತುಂಬಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಮೂರು ವರ್ಷ ಸರ್ಕಾರಿ ವಕೀಲರ ಕೈಕೆಳಗೆ ಕೆಲಸ ಮಾಡಿ, ಕೆಲಸ ಬಿಡದೆಯೇ ಮೊದಲ ಪ್ರಯತ್ನ ಮಾಡುವುದು ಒಳ್ಳೆಯದು. ಪದವಿ ಮುಗಿದ ಕೂಡಲೇ ಕೋಚಿಂಗ್‌ಗೆ ಹೋಗಿ ಕೂತವರಿಗೆ ಈ ಮೂರು ವರ್ಷದ ಕಡತದ ಅನುಭವ ಮತ್ತೆ ಸಿಗುವುದಿಲ್ಲ. ಕಾಯಂ ನೌಕರರಾದ ಅಭಿಯೋಜಕರು ಅರ್ಜಿ ಹಾಕುವ ಮೊದಲು ಕಚೇರಿಯ ಮುಖ್ಯಸ್ಥರಿಗೆ ಲಿಖಿತವಾಗಿ ತಿಳಿಸಬೇಕು. ಪೂರ್ವಭಾವಿ ಪರೀಕ್ಷೆಗೆ ಧಾರವಾಡ ಕೇಂದ್ರವಿದೆ. ಮುಖ್ಯ ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕು.

ಐಚ್ಛಿಕ ವಿಷಯವಾಗಿ ಕಾನೂನನ್ನು ತೆಗೆದುಕೊಂಡರೆ 250 ಅಂಕಗಳ ಎರಡು ಪತ್ರಿಕೆಗಳಿರುತ್ತವೆ. ಮೊದಲ ಪತ್ರಿಕೆಯಲ್ಲಿ ಸಂವಿಧಾನದ ಜೊತೆಗೆ ಅಂತರರಾಷ್ಟ್ರೀಯ ಕಾನೂನು, ಎರಡನೆಯದರಲ್ಲಿ ಅಪರಾಧ, ಟಾರ್ಟ್, ಕರಾರು ಮೊದಲಾದವು. ವಕೀಲಿಕೆಯಲ್ಲಿರುವವರು ಎರಡನೆಯದನ್ನು ಸುಲಭವೆಂದು ಬಗೆದು ಅದರಲ್ಲೇ ಸಮಯ ಕಳೆಯುತ್ತಾರೆ. ಗಮನ ಕೊಡಬೇಕಾದದ್ದು ಮೊದಲನೆಯದಕ್ಕೆ. ಅರ್ಜಿಯಲ್ಲಿ ಸೇವೆಗಳ ಆದ್ಯತೆ ಬರೆಯುವಾಗ ವಿದೇಶಾಂಗ ಸೇವೆಯನ್ನು ಮೊದಲು ಬರೆಯಬೇಕು. 2023ರ ಪರೀಕ್ಷೆಯಲ್ಲಿ ಒಟ್ಟು 1016 ಮಂದಿ ಆಯ್ಕೆಯಾದಾಗ ವಿದೇಶಾಂಗ ಸೇವೆಗೆ ಇದ್ದ ಸ್ಥಾನಗಳು 37 ಮಾತ್ರ.

ಮಹಿಳೆಯರು ಕೊಡಗಿನ ಸಿ.ಬಿ. ಮುತ್ತಮ್ಮ ಅವರ ಪ್ರಕರಣವನ್ನು ತಪ್ಪದೆ ಓದಬೇಕು. ಈ ಸೇವೆಗೆ ಸೇರಿದ ಮೊದಲ ಮಹಿಳೆಯಾದ ಅವರು, ಮದುವೆಗೆ ಮುನ್ನ ಸರ್ಕಾರದ ಅನುಮತಿ ಪಡೆಯಬೇಕೆಂದು ಮಹಿಳಾ ಅಧಿಕಾರಿಗಳಿಗೆ ಮಾತ್ರ ವಿಧಿಸಿದ್ದ ನಿಯಮವನ್ನೂ ತಮಗಾದ ಬಡ್ತಿಯ ಅನ್ಯಾಯವನ್ನೂ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು 1979ರಲ್ಲಿ ಬರೆದ ತೀರ್ಪು ಚಿಕ್ಕದು, ಒಂದೇ ಕೂರಿಕೆಯಲ್ಲಿ ಓದಿ ಮುಗಿಸಬಹುದು.

ಎರಡನೆಯ ದಾರಿ ವಿದೇಶಾಂಗ ಸಚಿವಾಲಯದ ಕಾನೂನು ಮತ್ತು ಒಡಂಬಡಿಕೆ ವಿಭಾಗದ್ದು. 1957ರಲ್ಲಿ ಆರಂಭವಾದ ಈ ವಿಭಾಗದಲ್ಲಿ ಇರುವವರು ಕಾನೂನು ಅಧಿಕಾರಿಗಳೇ. ಒಪ್ಪಂದಗಳ ಕರಡು ಪರಿಶೀಲಿಸುವುದು, ಗಡೀಪಾರು ಒಪ್ಪಂದಗಳ ಮಾತುಕತೆಯಲ್ಲಿ ಕೂರುವುದು, ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಕಾನೂನಿನ ವಿಷಯಗಳನ್ನು ನೋಡಿಕೊಳ್ಳುವ ಆರನೆಯ ಸಮಿತಿಯಲ್ಲಿ ಭಾರತದ ನಿಲುವನ್ನು ಹೇಳುವುದು ಅವರ ಕೆಲಸ. ಈ ಹುದ್ದೆಗಳಿಗೂ ಲೋಕಸೇವಾ ಆಯೋಗವೇ ಜಾಹೀರಾತು ಹೊರಡಿಸುತ್ತದೆ. ಅಂತರರಾಷ್ಟ್ರೀಯ ಕಾನೂನಿನಲ್ಲಿ ಸ್ನಾತಕೋತ್ತರ ಓದು ಇದ್ದವರಿಗೆ ಅನುಕೂಲ ಹೆಚ್ಚು. ಈ ವಿಭಾಗದ ಮುಖ್ಯಸ್ಥೆಯಾಗಿದ್ದ ನೀರು ಚಡ್ಡಾ ಅವರು 2017ರಲ್ಲಿ ಅಂತರರಾಷ್ಟ್ರೀಯ ಸಮುದ್ರ ಕಾನೂನು ನ್ಯಾಯಮಂಡಳಿಗೆ ಆಯ್ಕೆಯಾದ ಮೊದಲ ಭಾರತೀಯ ಮಹಿಳೆ. ನಾಗರಿಕ ಸೇವಾ ಪರೀಕ್ಷೆಯ ತರಾತುರಿ ಇಷ್ಟವಿಲ್ಲದ, ಒಂದೇ ವಿಷಯದಲ್ಲಿ ಆಳಕ್ಕಿಳಿಯುವ ಸ್ವಭಾವದವರಿಗೆ ನಾನು ಸೂಚಿಸುವುದು ಈ ದಾರಿಯನ್ನೇ. ಓದಿಗೆ ದೆಹಲಿಗೆ ಹೋಗಲೇಬೇಕೆಂದಿಲ್ಲ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನಿನ ದೃಶ್ಯ-ಶ್ರವ್ಯ ಗ್ರಂಥಾಲಯದ ಉಪನ್ಯಾಸಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಭಾಷೆಯ ವಿಷಯ

ಮುಖ್ಯ ಪರೀಕ್ಷೆಯನ್ನೂ ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಲು ಅವಕಾಶವಿದೆ. ಕನ್ನಡದಲ್ಲಿ ಯೋಚಿಸಿ ಬರೆಯುವವರು ಅದನ್ನು ಬಿಡಬಾರದು. ಆದರೆ ಒಪ್ಪಂದಗಳನ್ನು ಇಂಗ್ಲಿಷಿನಲ್ಲಿ ಓದಿ ಬರೆಯುವ ಅಭ್ಯಾಸ ಜೊತೆಗೇ ಸಾಗಬೇಕು, ಏಕೆಂದರೆ ಸೇವೆಯಲ್ಲಿ ದಿನದ ಕೆಲಸ ಆ ಭಾಷೆಯಲ್ಲೇ ನಡೆಯುತ್ತದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕಕ್ಷಿದಾರರ ಜೊತೆ ಉರ್ದು ಬಳಸುವ ಬೆಳಗಾವಿ, ವಿಜಯಪುರದ ವಕೀಲರಿಗೆ, ತರಬೇತಿಯಲ್ಲಿ ಕಡ್ಡಾಯವಾಗಿ ಕಲಿಯಬೇಕಾದ ವಿದೇಶಿ ಭಾಷೆ ಉಳಿದವರಿಗಿಂತ ಕಡಿಮೆ ತೊಡಕಾಗುತ್ತದೆ ಎಂಬುದು ನನ್ನ ನಂಬಿಕೆ.

ಸಂದರ್ಶನದಲ್ಲಿ ಗಡಿಯ ಪ್ರಶ್ನೆ ಬಂದಾಗ

ಅರ್ಜಿಯಲ್ಲಿ ಬೆಳಗಾವಿ ಎಂದಿದ್ದರೆ ಗಡಿ ವಿವಾದದ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆಂದು ತಿಳಿದು ಸಿದ್ಧರಾಗಬೇಕು. ಅಲ್ಲಿ ನೀವು ಕರ್ನಾಟಕದ ವಕೀಲರಲ್ಲ, ನಾಳೆ ಇಡೀ ದೇಶದ ಪರವಾಗಿ ಮಾತನಾಡಬೇಕಾದವರು. ಊರಿನ ಮೇಲಿನ ಅಭಿಮಾನವನ್ನು ಮುಚ್ಚಿಡಬೇಕಾಗಿಲ್ಲ, ಆದರೆ ಉತ್ತರ ಅದರ ಮೇಲೆ ನಿಲ್ಲಬಾರದು. ಮಹಾರಾಷ್ಟ್ರವು ಭಾಷೆ ಮತ್ತು ಹಳ್ಳಿಯನ್ನು ಘಟಕವಾಗಿ ಪರಿಗಣಿಸಬೇಕೆನ್ನುತ್ತದೆ; ಕರ್ನಾಟಕವು 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಮತ್ತು ಮಹಾಜನ್ ವರದಿಯನ್ನು ಆಧಾರವಾಗಿ ಹಿಡಿಯುತ್ತದೆ; ಸಂವಿಧಾನದ 131ನೇ ಅನುಚ್ಛೇದದಡಿ ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ ಸುಪ್ರೀಂ ಕೋರ್ಟಿನ ಮುಂದಿದೆ, ತೀರ್ಮಾನ ಆ ನ್ಯಾಯಾಲಯದ್ದು ಮತ್ತು ಸಂಸತ್ತಿನದು. ಎದುರಿನ ರಾಜ್ಯದ ವಾದವನ್ನು ಅವರೇ ಒಪ್ಪುವ ಮಾತಿನಲ್ಲಿ ಮೊದಲು ಹೇಳಿ, ಆಮೇಲೆ ನಮ್ಮದನ್ನು ಹೇಳಿ, ಅಲ್ಲಿಗೆ ನಿಲ್ಲಿಸಬೇಕು. 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೂ 247 ಹಳ್ಳಿಗಳನ್ನು ಕರ್ನಾಟಕಕ್ಕೂ ಸೂಚಿಸಿದ 1967ರ ವರದಿಯ ಅಂಕಿಗಳಿಗೆ, ಮಂಡಳಿಯವರು ಮುಂದುವರಿಸಿ ಕೇಳಿದರೆ ಮಾತ್ರ ಹೋಗಬೇಕು.